ಗಾಳಿ ಬಂದಾಗ ತೂರಿಕೊಂಡವರು, ಗಾಳಿಯಿಲ್ಲದಲ್ಲಿ ಗೆದ್ದವರು

ಪುರುಷರ ಡಿಸ್ಕಸ್ ಥ್ರೋದ (ತಟ್ಟೆ ಎಸೆತದ) ಇಬ್ಬರು ಘಟಾನುಘಟಿಗಳ ಪದಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಸ್ವೀಡನ್‌ನ ಡೇನಿಯಲ್ ಸ್ಟಾಲ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು. 2019, 2023 ಮತ್ತು 2025ರಲ್ಲಿ ವಿಶ್ವ ಚಾಂಪಿಯನ್ ಆದವರು. ಆದರೆ 2024ರ ರೋಮ್ ಕೂಟದವರೆಗೆ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಚಿನ್ನ ಅವರಿಗೆ ಒಮ್ಮೆಯೂ ದಕ್ಕಿರಲಿಲ್ಲ. 2018ರಲ್ಲಿ ಬರ್ಲಿನ್‌ನಲ್ಲಿ ಸಿಕ್ಕ ಬೆಳ್ಳಿಯೇ ಅಲ್ಲಿ ಅವರ ದೊಡ್ಡ ಗಳಿಕೆ. ಲಿಥುವೇನಿಯಾದ ಮೈಕೊಲಾಸ್ ಅಲೆಕ್ನಾ ಅವರದು ಇದರ ತಿರುವುಮುರುವು. ವಿಶ್ವದಾಖಲೆ ಅವರದೇ, 75.56 ಮೀಟರ್. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ 2022ರಲ್ಲಿ ಬೆಳ್ಳಿ, 2023ರಲ್ಲಿ ಕಂಚು, 2025ರಲ್ಲಿ ಮತ್ತೆ ಬೆಳ್ಳಿ. ನಡುವೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇನ್ನೊಂದು ಬೆಳ್ಳಿ. ಅಷ್ಟರಲ್ಲಿ ಇಂಥ ದೊಡ್ಡ ಕೂಟಗಳ ಪೈಕಿ ಅವರು ಚಿನ್ನ ಗೆದ್ದದ್ದು ಒಂದರಲ್ಲಿ ಮಾತ್ರ: 2022ರ ಮ್ಯೂನಿಕ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ.

ಮೂರು ಸಲ ಜಗತ್ತನ್ನು ಗೆದ್ದವರಿಗೆ ಖಂಡ ಒಲಿದಿಲ್ಲ, ಯಾರೂ ಎಸೆಯದಷ್ಟು ದೂರ ಎಸೆದವರಿಗೆ ಜಗತ್ತು ಒಲಿದಿಲ್ಲ. ಇದನ್ನು ಅದೃಷ್ಟದ ಆಟವೆಂದು ತಳ್ಳಿಹಾಕುವುದು ಸುಲಭ. ಆದರೆ ಡಿಸ್ಕಸ್‌ನಲ್ಲಿ ದಾಖಲೆ ಎನ್ನುವುದು ಬೇರೆ ಆಟ, ಚಾಂಪಿಯನ್‌ಷಿಪ್ ಎನ್ನುವುದು ಬೇರೆ ಆಟ. ಕಳೆದ ಎರಡು ಮೂರು ವರ್ಷಗಳಲ್ಲಿ ಈ ಎರಡರ ನಡುವಿನ ಅಂತರ ಹಿಂದೆಂದಿಗಿಂತ ಎದ್ದು ಕಾಣುತ್ತಿದೆ.

ಮೊದಲು ದಾಖಲೆಯ ವಿಷಯ. ಅಮೆರಿಕದ ಒಕ್ಲಹೋಮ ರಾಜ್ಯದ ಈಶಾನ್ಯ ಮೂಲೆಯಲ್ಲಿ ರಮೋನಾ ಎಂಬ ಪುಟ್ಟ ಊರಿದೆ. ಅಲ್ಲಿ ಎಸೆತಗಾರರಿಗಾಗಿಯೇ ಕಟ್ಟಿದ ಬಯಲು ಮೈದಾನವೊಂದಿದೆ. ಸುತ್ತ ಹುಲ್ಲುಗಾವಲು, ಗಾಳಿಗೆ ಅಡ್ಡ ಬರುವ ಪ್ರೇಕ್ಷಕರ ಗ್ಯಾಲರಿಯಿಲ್ಲ, ಎಸೆತದ ವೃತ್ತಗಳ ದಿಕ್ಕನ್ನು ನಿರ್ಧರಿಸಿದ್ದೇ ಗಾಳಿಯನ್ನು ನೋಡಿ. 2024ರ ಏಪ್ರಿಲ್ 14ರಂದು ಅಲೆಕ್ನಾ ಅಲ್ಲಿ 74.35 ಮೀಟರ್ ಎಸೆದರು. ಪೂರ್ವ ಜರ್ಮನಿಯ ಯುರ್ಗನ್ ಶುಲ್ಟ್ 1986ರ ಜೂನ್ 6ರಂದು ಎಸೆದಿದ್ದ 74.08 ಮೀಟರ್ ದಾಖಲೆ ಅಳಿಸಿಹೋಯಿತು. ಪುರುಷರ ಅಥ್ಲೆಟಿಕ್ಸ್‌ನಲ್ಲಿ ಅಷ್ಟು ಹಳೆಯದಾದ ವಿಶ್ವದಾಖಲೆ ಇನ್ನೊಂದಿರಲಿಲ್ಲ. ಮರುವರ್ಷ ಅದೇ ಏಪ್ರಿಲ್‌ನಲ್ಲಿ, ಅದೇ ಬಯಲಿನಲ್ಲಿ ಅವರು ದಾಖಲೆಯನ್ನು 75.56ಕ್ಕೆ ಒಯ್ದರು. ಆಗ ಆಸ್ಟ್ರೇಲಿಯಾದ ಮ್ಯಾಟ್ ಡೆನ್ನಿ ಕೂಡ 74.78 ಎಸೆದರು. ಮೂವತ್ತೆಂಟು ವರ್ಷ ಯಾರೂ ಮುಟ್ಟದ ಗುರುತನ್ನು ಹನ್ನೆರಡು ತಿಂಗಳಲ್ಲಿ ಇಬ್ಬರು ದಾಟಿದ್ದರು, ಇಬ್ಬರೂ ಒಂದೇ ಮೈದಾನದಲ್ಲಿ.

ಈಗ ಚಾಂಪಿಯನ್‌ಷಿಪ್. ರಮೋನಾದಲ್ಲಿ ಮೊದಲ ದಾಖಲೆ ಬರೆದ ಎರಡು ತಿಂಗಳಿಗೆ ಅಲೆಕ್ನಾ ರೋಮ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್‌ನ ಫೈನಲ್‌ಗೆ ಇಳಿದರು. ಸ್ಲೊವೇನಿಯಾದ ಕ್ರಿಸ್ಟಿಯಾನ್ ಚೆಹ್ 68.08 ಮೀಟರ್‌ನೊಂದಿಗೆ ಚಿನ್ನ ಗೆದ್ದರು, ಆಸ್ಟ್ರಿಯಾದ ಲುಕಾಸ್ ವೈಸ್‌ಹೈಡಿಂಗರ್ 67.70ರೊಂದಿಗೆ ಬೆಳ್ಳಿ. ವಿಶ್ವದಾಖಲೆಯ ಒಡೆಯನಿಗೆ 67.48ರ ಕಂಚು. ತನ್ನದೇ ದಾಖಲೆಗಿಂತ ಸುಮಾರು ಏಳು ಮೀಟರ್ ಕಡಿಮೆ! ನೂರು ಮೀಟರ್ ಓಟದಲ್ಲೋ ಎತ್ತರ ಜಿಗಿತದಲ್ಲೋ ವಿಶ್ವದಾಖಲೆ ಬರೆದವರು ಎರಡೇ ತಿಂಗಳಲ್ಲಿ ತಮ್ಮ ಸಾಧನೆಯ ಹತ್ತನೇ ಒಂದರಷ್ಟು ಪಾಲು ಕಳೆದುಕೊಂಡರೆ ಗಾಯವಾಗಿದೆಯೇ ಎಂದು ಜನ ಕೇಳುತ್ತಾರೆ. ಡಿಸ್ಕಸ್ ಬಲ್ಲವರು ಯಾರೂ ಹಾಗೆ ಕೇಳಲಿಲ್ಲ.

ಕಾರಣ ತಟ್ಟೆಯ ಹಾರಾಟದಲ್ಲಿದೆ. ಪುರುಷರ ಡಿಸ್ಕಸ್‌ನ ತೂಕ ಎರಡು ಕಿಲೋ, ವ್ಯಾಸ ಸುಮಾರು 22 ಸೆಂಟಿಮೀಟರ್. ಎರಡೂವರೆ ಮೀಟರ್ ವ್ಯಾಸದ ವೃತ್ತದೊಳಗೆ ಸ್ಪರ್ಧಿ ಒಂದೂವರೆ ಸುತ್ತು ತಿರುಗಿ ಅದನ್ನು ಬಿಡುವ ಹೊತ್ತಿಗೆ, ವಿಶ್ವಮಟ್ಟದವರ ಕೈಯಿಂದ ಅದು ಸೆಕೆಂಡಿಗೆ ಹೆಚ್ಚುಕಡಿಮೆ 25 ಮೀಟರ್ ವೇಗದಲ್ಲಿ ಹೊರಡುತ್ತದೆ, ಎಂದರೆ ಗಂಟೆಗೆ 90 ಕಿಲೋಮೀಟರ್. ಗಾಳಿಯೇ ಇಲ್ಲದ ಶೂನ್ಯದಲ್ಲಿ ಇದೇ ವೇಗದಲ್ಲಿ, 36 ಡಿಗ್ರಿ ಕೋನದಲ್ಲಿ ಎಸೆದರೆ ಪ್ರೌಢಶಾಲೆಯ ಭೌತಶಾಸ್ತ್ರದ ಸೂತ್ರದ ಪ್ರಕಾರ ಅದು ಬೀಳುವುದು ಸುಮಾರು 63 ಮೀಟರ್ ದೂರದಲ್ಲಿ. ಗುಂಡು ಎಸೆತದಲ್ಲಿ ಲೆಕ್ಕ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ, ಗಾಳಿ ಅಲ್ಲಿ ನಗಣ್ಯ. ಡಿಸ್ಕಸ್ ಹಾಗಲ್ಲ. ಅದು ರೆಕ್ಕೆಯಂತೆ ವರ್ತಿಸುತ್ತದೆ. ಎದುರಿನಿಂದ ಬರುವ ಗಾಳಿ ತಟ್ಟೆಯ ಕೆಳಮೈಗೆ ಒತ್ತುಕೊಟ್ಟು ಮೇಲೆತ್ತುತ್ತದೆ, ತಟ್ಟೆಯ ತಿರುಗುವಿಕೆ ಅದು ಅಡ್ಡಾದಿಡ್ಡಿ ಮಗುಚದಂತೆ ಕಾಯುತ್ತದೆ.

ಈ ಎತ್ತುವ ಬಲ ಗಾಳಿ ಮತ್ತು ತಟ್ಟೆಯ ನಡುವಿನ ಸಾಪೇಕ್ಷ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಸೆಕೆಂಡಿಗೆ 8 ಮೀಟರ್ ಎದುರುಗಾಳಿ ಇದೆ ಎಂದುಕೊಳ್ಳೋಣ. ತಟ್ಟೆ ಕೈಬಿಟ್ಟ ಕ್ಷಣದಲ್ಲಿ ಅದರ ಮೇಲಿನ ಎತ್ತುವ ಬಲ ಗಾಳಿ ನಿಂತಿರುವಾಗಿನದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚಾಗಬಲ್ಲದು. ಹಿಂದಕ್ಕೆ ತಳ್ಳುವ ಬಲವೂ ಹೆಚ್ಚುತ್ತದೆ, ನಿಜ. ಆದರೆ ತಟ್ಟೆಯನ್ನು ತುಸು ತಗ್ಗಿಸಿ, ಅದರ ಅಂಚು ಗಾಳಿಯನ್ನು ಸೀಳುವಂತೆ ಬಿಡಬಲ್ಲವರಿಗೆ ಒಟ್ಟಾರೆ ಲಾಭವೇ ಆಗುತ್ತದೆ. ಲಾಭ ಸೆಂಟಿಮೀಟರ್‌ಗಳಲ್ಲಲ್ಲ, ಮೀಟರ್‌ಗಳಲ್ಲಿ. ಬಲಗೈಯವರಿಗೆ ಗಾಳಿ ಎದುರಿನಿಂದ, ತುಸು ಬಲಗಡೆಯಿಂದ ಬಂದರೆ ಇನ್ನೂ ಒಳ್ಳೆಯದು. ಎಡಗೈಯವರಿಗೆ ಇದು ಉಲ್ಟಾ. ಹಿಂಗಾಳಿ ಬಂದರೆ ಮಾತ್ರ ಎಲ್ಲರಿಗೂ ಕಷ್ಟ. ಓಟಗಾರನನ್ನು ಮುಂದೆ ದೂಡುವ ಗಾಳಿ ಇಲ್ಲಿ ತಟ್ಟೆಯನ್ನು ನೆಲಕ್ಕೆ ಬಡಿಯುತ್ತದೆ.

200 ಮೀಟರ್‌ವರೆಗಿನ ಓಟದಲ್ಲಿ, ಉದ್ದ ಜಿಗಿತದಲ್ಲಿ, ಟ್ರಿಪಲ್ ಜಂಪ್‌ನಲ್ಲಿ ಹಿಂಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆಗೆ ಮಾನ್ಯತೆಯಿಲ್ಲ. ಡಿಸ್ಕಸ್‌ಗೆ ಅಂಥ ನಿಯಮವಿಲ್ಲ. ಗಾಳಿಯನ್ನು ಅಳೆಯುವ ಕಡ್ಡಾಯವೂ ಇಲ್ಲ. ಅನ್ಯಾಯ ಎನ್ನಿಸುತ್ತದೆ, ಆದರೆ ನಿಯಮ ಬರೆಯಲು ಕುಳಿತವರ ಕಷ್ಟವೂ ನಿಜವಾದದ್ದೇ. ಓಟಗಾರನ ಮೇಲೆ ಗಾಳಿ ಒಂದು ಗೆರೆಯ ಉದ್ದಕ್ಕೆ ಕೆಲಸ ಮಾಡುತ್ತದೆ, ಪಥದ ಪಕ್ಕದ ಮಾಪಕ ಅದನ್ನು ಹಿಡಿಯುತ್ತದೆ. ಡಿಸ್ಕಸ್ ಹತ್ತು ಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿ, ಸುಮಾರು 35 ಡಿಗ್ರಿ ಅಗಲದ ವಲಯದಲ್ಲಿ ಎಲ್ಲಾದರೂ ಬೀಳಬಹುದು. ನೆಲಮಟ್ಟದ ಗಾಳಿ ಒಂದು, ಮೇಲಿನದು ಇನ್ನೊಂದು. ಒಂದೇ ಗಾಳಿ ಬಲಗೈಯವನಿಗೆ ವರ, ಎಡಗೈಯವನಿಗೆ ಶಾಪ. ಎಷ್ಟಕ್ಕೆ ಮಿತಿ, ಯಾವ ದಿಕ್ಕಿಗೆ ಮಿತಿ? ಉತ್ತರ ಯಾರ ಬಳಿಯೂ ಸಲೀಸಾಗಿಲ್ಲ.

ಹಾಗೆಂದು ಇದೆಲ್ಲ ಒಕ್ಲಹೋಮದವರು ಹೊಸದಾಗಿ ಕಂಡುಹಿಡಿದ ಉಪಾಯವೇನೂ ಅಲ್ಲ. ಶುಲ್ಟ್ ಅವರ 74.08 ಬಂದದ್ದು ಪೂರ್ವ ಜರ್ಮನಿಯ ನೊಯ್‌ಬ್ರಾಂಡೆನ್‌ಬುರ್ಗ್‌ನಲ್ಲಿ. ಎರಡು ವರ್ಷದ ಬಳಿಕ ಅದೇ ಊರಿನಲ್ಲಿ ಗ್ಯಾಬ್ರಿಯೆಲೆ ರೈನ್ಶ್ ಮಹಿಳೆಯರ ವಿಶ್ವದಾಖಲೆ ಬರೆದರು, 76.80 ಮೀಟರ್. ಆ ವರ್ಷವೇ ನಡೆದ ಸೋಲ್ ಒಲಿಂಪಿಕ್ಸ್‌ನಲ್ಲಿ ರೈನ್ಶ್ ಅವರಿಗೆ ಸಿಕ್ಕದ್ದು ಏಳನೇ ಸ್ಥಾನ. ಶುಲ್ಟ್ ಅಲ್ಲಿ ಚಿನ್ನ ಗೆದ್ದರು, ಆದರೆ 68.82 ಮೀಟರ್‌ಗೆ, ತಮ್ಮ ದಾಖಲೆಗಿಂತ ಐದು ಮೀಟರಿಗೂ ಹೆಚ್ಚು ಹಿಂದೆ. ಪೂರ್ವ ಜರ್ಮನಿಯ ಆ ಕಾಲದ ಸಾಧನೆಗಳ ಮೇಲೆ ಸರ್ಕಾರವೇ ನಡೆಸಿದ ಉದ್ದೀಪನ ಮದ್ದಿನ ಕಾರ್ಯಕ್ರಮದ ನೆರಳಿದೆ. ಅದರ ಮುಂದೆ ಗಾಳಿಯ ನೆರವು ಸಣ್ಣ ಪಾಪ. ಈ ಕಾರಣಕ್ಕೆ ರಮೋನಾದ ದಾಖಲೆ ಬಂದಾಗ ಗೊಣಗಿದವರಿಗಿಂತ ನಿಟ್ಟುಸಿರು ಬಿಟ್ಟವರೇ ಹೆಚ್ಚು ಎಂದು ನನಗನ್ನಿಸುತ್ತದೆ.

ಅಲೆಕ್ನಾ ಅವರ ಕೌಶಲವನ್ನು ಇದರಿಂದ ಅಳೆಯುವುದು ತಪ್ಪಾಗುತ್ತದೆ. 2024ರ ಆ ದಿನ ಅವರ ಆರಕ್ಕೆ ಆರೂ ಎಸೆತಗಳು 70 ಮೀಟರ್ ದಾಟಿದ್ದವು. ಗಾಳಿ ಎಲ್ಲರಿಗೂ ಬೀಸುತ್ತದೆ, ತೂರಿಕೊಳ್ಳಲು ಕೈ ಬೇಕು. ಆ ಕೈ ಮನೆತನದಿಂದಲೇ ಬಂದದ್ದು. ತಂದೆ ವಿರ್ಗಿಲಿಯುಸ್ ಅಲೆಕ್ನಾ 2000 ಮತ್ತು 2004ರ ಒಲಿಂಪಿಕ್ ಚಾಂಪಿಯನ್, 2006ರಲ್ಲಿ ಯುರೋಪಿಯನ್ ಚಾಂಪಿಯನ್. ಅಥೆನ್ಸ್‌ನಲ್ಲಿ ತಂದೆ ಎಸೆದ 69.89 ಮೀಟರ್ ಇಪ್ಪತ್ತು ವರ್ಷ ಒಲಿಂಪಿಕ್ ದಾಖಲೆಯಾಗಿ ಉಳಿಯಿತು. ಪ್ಯಾರಿಸ್‌ನಲ್ಲಿ ಮಗ 69.97 ಎಸೆದು ಅದನ್ನು ಮುರಿದದ್ದೂ ಆಯಿತು. ಆದರೆ ಅದೇ ಫೈನಲ್‌ನಲ್ಲಿ ಜಮೈಕಾದ ರೋಜೆ ಸ್ಟೋನಾ ಸರಿಯಾಗಿ 70.00 ಎಸೆದರು. ಮೂರು ಸೆಂಟಿಮೀಟರ್‌ನಲ್ಲಿ ಚಿನ್ನವೂ ಹೋಯಿತು, ಮನೆಯಲ್ಲೇ ಉಳಿಯಬಹುದಾಗಿದ್ದ ದಾಖಲೆಯೂ ಹೋಯಿತು.

ಯುರೋಪಿಯನ್ ಚಾಂಪಿಯನ್‌ಷಿಪ್‌ನ ಅಂಕಿಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2010ರ ಬಾರ್ಸಿಲೋನಾದಲ್ಲಿ ಪೋಲೆಂಡ್‌ನ ಪಿಯೋಟರ್ ಮವಖೋವ್‌ಸ್ಕಿ 68.87ಕ್ಕೆ ಗೆದ್ದರು. 2012ರ ಹೆಲ್ಸಿಂಕಿಯಲ್ಲಿ ಜರ್ಮನಿಯ ರಾಬರ್ಟ್ ಹಾರ್ಟಿಂಗ್ 68.30, 2014ರ ಜ್ಯೂರಿಕ್‌ನಲ್ಲಿ ಅದೇ ಹಾರ್ಟಿಂಗ್ ಬರೀ 66.07. 2016ರಲ್ಲಿ ಮವಖೋವ್‌ಸ್ಕಿ ಮತ್ತೆ, 67.06. 2018ರಲ್ಲಿ ಲಿಥುವೇನಿಯಾದ ಆಂದ್ರಿಯುಸ್ ಗುಡ್ಜಿಯುಸ್ 68.46. ಮ್ಯೂನಿಕ್‌ನಲ್ಲಿ ಅಲೆಕ್ನಾ ಎಸೆದ 69.78 ಚಾಂಪಿಯನ್‌ಷಿಪ್ ದಾಖಲೆ. 1934ರಿಂದ ನಡೆದುಬಂದ ಈ ಕೂಟದಲ್ಲಿ 2024ರವರೆಗೆ ಒಬ್ಬರೂ 70 ಮೀಟರ್ ಮುಟ್ಟಿರಲಿಲ್ಲ. ರಮೋನಾದಲ್ಲಿ ಒಬ್ಬನೇ ಒಂದು ಮಧ್ಯಾಹ್ನ ಆರು ಸಲ ಮಾಡಿದ್ದನ್ನು ಯುರೋಪಿನ ಅತ್ಯುತ್ತಮರೆಲ್ಲ ಸೇರಿ ಒಂಬತ್ತು ದಶಕಗಳಲ್ಲಿ ಒಮ್ಮೆಯೂ ಮಾಡಿಲ್ಲ.

ಕ್ರೀಡಾಂಗಣವೇ ಅದಕ್ಕೆ ಅರ್ಧ ಕಾರಣ. ಎತ್ತರದ ಗ್ಯಾಲರಿ, ಮೇಲೆ ಅರ್ಧ ಚಾವಣಿ. ಗಾಳಿ ಒಳಗೆ ಬಂದರೂ ಸುಳಿಯಾಗಿ ತಿರುಗುತ್ತದೆ, ಒಬ್ಬರಿಗೆ ಎದುರಾದದ್ದು ಮುಂದಿನವರಿಗೆ ಬೆನ್ನಹಿಂದೆ. ಅದಕ್ಕಿಂತ ದೊಡ್ಡ ಕಾರಣ ಸ್ಪರ್ಧೆಯ ಕಟ್ಟಳೆ. ಅರ್ಹತಾ ಸುತ್ತಿನಲ್ಲಿ ಮೂರೇ ಅವಕಾಶ, ಫೈನಲ್‌ನಲ್ಲಿ ಗರಿಷ್ಠ ಆರು, ಅದೂ ಮೊದಲ ಮೂರರಲ್ಲಿ ಹಿಂದುಳಿದವರಿಗೆ ಪೂರ್ತಿ ಸಿಗುವುದಿಲ್ಲ. ಹಾಗಾಗಿ ಮೊದಲ ಎಸೆತವನ್ನು ಹೆಚ್ಚಿನವರು ಕಾಪಾಡಿಕೊಂಡು ಎಸೆಯುತ್ತಾರೆ: ವಲಯದೊಳಗೆ ಬಿದ್ದರೆ ಸಾಕು, ಖಾತೆ ತೆರೆದರೆ ಸಾಕು. ಮೈಯೆಲ್ಲ ಬಿಚ್ಚಿ ತಿರುಗಿದರೆ ತಟ್ಟೆ ವೃತ್ತದ ಸುತ್ತಲಿನ ಬಲೆಗೆ ಬಡಿಯುತ್ತದೆ ಅಥವಾ ಕಾಲು ವೃತ್ತದ ಅಂಚನ್ನು ದಾಟುತ್ತದೆ. 2.06 ಮೀಟರ್ ಎತ್ತರದ ಚೆಹ್ ಅವರಂಥವರಿಗೆ ಎರಡೂವರೆ ಮೀಟರ್ ವೃತ್ತ ಎಷ್ಟು ಇಕ್ಕಟ್ಟು ಎಂಬುದನ್ನು ಊಹಿಸಿಕೊಳ್ಳಬಹುದು. ಬಯಲಿನ ದಾಖಲೆ ಕೂಟದಲ್ಲಿ ಎರಡು ಫೌಲ್ ಆದರೂ ಕಳೆದುಕೊಳ್ಳುವುದೇನಿಲ್ಲ. ಇಲ್ಲಿ ಎರಡು ಫೌಲ್ ಆದ ಮೇಲೆ ಮೂರನೆಯದಕ್ಕೆ ವೃತ್ತಕ್ಕಿಳಿಯುವವನ ಮನಃಸ್ಥಿತಿಯೇ ಬೇರೆ.

ಈ ಒತ್ತಡವನ್ನು ಸ್ಟಾಲ್ ಅವರಷ್ಟು ಚೆನ್ನಾಗಿ ಅರಗಿಸಿಕೊಂಡವರು ಈಗಿನ ತಲೆಮಾರಿನಲ್ಲಿ ಇನ್ನೊಬ್ಬರಿಲ್ಲ. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ಸುತ್ತಿನಲ್ಲಿ ಚೆಹ್ 70.02 ಎಸೆದು ಮುಂದೆ ಹೋದರು. ತಕ್ಷಣ ಸ್ಟಾಲ್ 71.46 ಎಸೆದು ಉತ್ತರ ಕೊಟ್ಟರು. 2025ರ ಟೋಕಿಯೊದಲ್ಲಿ ಫೈನಲ್ ಮಳೆಯಲ್ಲಿ ನೆನೆದುಹೋಗಿತ್ತು, ವೃತ್ತ ಜಾರುತ್ತಿತ್ತು, ಒದ್ದೆ ತಟ್ಟೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಅಲ್ಲೂ ಕೊನೆಯ ಎಸೆತದಲ್ಲಿ 70.47. ಅಲೆಕ್ನಾ 67.84ಕ್ಕೆ ನಿಂತರು.

ಹಾಗಿದ್ದರೂ ಇದೇ ಸ್ಟಾಲ್ ಯುರೋಪಿನಲ್ಲಿ ಮಾತ್ರ ಏಕೆ ಎಡವಿದರು? ಬರ್ಲಿನ್‌ನಲ್ಲಿ 68.23 ಎಸೆದರೂ 23 ಸೆಂಟಿಮೀಟರ್‌ನಲ್ಲಿ ಚಿನ್ನ ತಪ್ಪಿತು. ಮ್ಯೂನಿಕ್‌ನಲ್ಲಿ ಮತ್ತು ರೋಮ್‌ನಲ್ಲಿ ಪದಕವೇ ಇಲ್ಲ. ಖಂಡದ ಕೂಟವೆಂದರೆ ವಿಶ್ವಕೂಟಕ್ಕಿಂತ ಒಂದು ಮೆಟ್ಟಿಲು ಕೆಳಗೆ ಎಂದು ನಾವು ಅಂದುಕೊಳ್ಳುತ್ತೇವೆ. ಡಿಸ್ಕಸ್‌ನಲ್ಲಿ ಆ ಅಂದಾಜು ಕೈಕೊಡುತ್ತದೆ. 2021ರ ಟೋಕಿಯೊ ಒಲಿಂಪಿಕ್ಸ್, 2022ರ ಯೂಜೀನ್, 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ಗಳ ಒಂಬತ್ತಕ್ಕೆ ಒಂಬತ್ತೂ ಪದಕಗಳು ಯುರೋಪಿನವರ ಪಾಲಾಗಿದ್ದವು. ಹೀಗಾಗಿ ಮ್ಯೂನಿಕ್‌ನಲ್ಲಿ ನಡೆದದ್ದು ಹೆಸರಿಗಷ್ಟೇ ಖಂಡದ ಫೈನಲ್. ಒಂದು ತಿಂಗಳ ಹಿಂದಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಚೆಹ್ 68.28ರೊಂದಿಗೆ ಎರಡನೆಯವರಾದರು. ಅವರನ್ನು ಸೋಲಿಸಿದ ಅಲೆಕ್ನಾ ಅವರಿಗೆ ಆಗ 19 ವರ್ಷ. ಕಂಚು ಗೆದ್ದ ಬ್ರಿಟನ್‌ನ ಲಾರೆನ್ಸ್ ಒಕೋಯೆ ನಡುವೆ ಹಲವು ವರ್ಷ ಡಿಸ್ಕಸ್ ಬಿಟ್ಟು ಅಮೆರಿಕನ್ ಫುಟ್‌ಬಾಲ್‌ನ ಬೆನ್ನುಹತ್ತಿ ಹೋಗಿ ವಾಪಸಾದವರು. ಅಂಥವರಿಗೂ ಅಲ್ಲಿ ಪದಕಕ್ಕೆ 67.14 ಬೇಕಾಯಿತು.

ಈ ಏಕಸ್ವಾಮ್ಯ ಈಗ ಸಡಿಲಗೊಳ್ಳುತ್ತಿದೆ. ಪ್ಯಾರಿಸ್‌ನಲ್ಲಿ ಸ್ಟೋನಾ ಮತ್ತು ಡೆನ್ನಿ, 2025ರ ಟೋಕಿಯೊದಲ್ಲಿ ಸಮೋವಾದ ಅಲೆಕ್ಸ್ ರೋಸ್ ಪದಕ ಗೆದ್ದಿದ್ದಾರೆ. 2026ರ ಬರ್ಮಿಂಗ್‌ಹ್ಯಾಮ್ ಯುರೋಪಿಯನ್ ಚಾಂಪಿಯನ್‌ಷಿಪ್ ಇನ್ನು ವಿಶ್ವ ಫೈನಲ್‌ನ ಪಡಿಯಚ್ಚಲ್ಲ, ಆದರೂ ಅದಕ್ಕೆ ತೀರಾ ಹತ್ತಿರದ್ದೇ.

ನಮ್ಮ ಖಂಡಕ್ಕೆ ಬಂದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಏಷ್ಯಾದ ಡಿಸ್ಕಸ್‌ನಲ್ಲಿ ಬಹುಕಾಲ ಒಂದೇ ಹೆಸರು: ಇರಾನಿನ ಎಹ್ಸಾನ್ ಹದ್ದಾದಿ. 2006ರಿಂದ 2018ರವರೆಗೆ ಸತತ ನಾಲ್ಕು ಏಷ್ಯನ್ ಗೇಮ್ಸ್ ಚಿನ್ನ, ಲಂಡನ್ ಒಲಿಂಪಿಕ್ಸ್‌ನಲ್ಲಿ 68.18 ಎಸೆದು ಬೆಳ್ಳಿ. ಭಾರತಕ್ಕೂ ಹಳೆಯ ಪರಂಪರೆಯೊಂದಿತ್ತು. 1966 ಮತ್ತು 1970ರ ಏಷ್ಯನ್ ಗೇಮ್ಸ್‌ನಲ್ಲಿ ಡಿಸ್ಕಸ್ ಚಿನ್ನ ಗೆದ್ದ ಪ್ರವೀಣ್ ಕುಮಾರ್ ಸೋಬ್ತಿ ಅವರನ್ನು ಮುಂದೆ ಇಡೀ ದೇಶ ದೂರದರ್ಶನದ ಮಹಾಭಾರತದ ಭೀಮನಾಗಿ ನೋಡಿತು. ಹದ್ದಾದಿಯ ಕಾಲದಲ್ಲಿ ಅವರಿಗೆ ಎದುರು ನಿಂತ ಭಾರತೀಯ ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ. ಬಾಲ್ಯದಲ್ಲೇ ಅಮೆರಿಕಕ್ಕೆ ಹೋಗಿ ಮೇರಿಲ್ಯಾಂಡ್‌ನಲ್ಲಿ ಬೆಳೆದ ಅವರು 2005ರ ಮತ್ತು 2011ರ ಏಷ್ಯನ್ ಚಾಂಪಿಯನ್‌ಷಿಪ್‌ಗಳಲ್ಲಿ ಬೆಳ್ಳಿ, 2013ರಲ್ಲಿ ಪುಣೆಯಲ್ಲಿ 64.90 ಎಸೆದು ಚಿನ್ನ, 2015ರಲ್ಲಿ ವುಹಾನ್‌ನಲ್ಲಿ 62.03 ಎಸೆದು ಮತ್ತೆ ಚಿನ್ನ ಗೆದ್ದರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಅವರು ಗೆದ್ದದ್ದು 1958ರ ಮಿಲ್ಖಾ ಸಿಂಗ್ ಅವರ ಬಳಿಕ ಅಲ್ಲಿ ಭಾರತದ ಪುರುಷ ಅಥ್ಲೀಟ್ ಒಬ್ಬರು ಗೆದ್ದ ಮೊದಲ ಚಿನ್ನ. ಅವರ ನಂತರ, 2025ರ ಗುಮಿ ಕೂಟದವರೆಗೂ, ಏಷ್ಯನ್ ಚಾಂಪಿಯನ್‌ಷಿಪ್‌ನ ಪುರುಷರ ಡಿಸ್ಕಸ್ ಚಿನ್ನ ಭಾರತಕ್ಕೆ ಬಂದಿಲ್ಲ.

ವಿಕಾಸ್ ಅವರ ವೃತ್ತಿಜೀವನದಲ್ಲಿ ಗಾಳಿಯ ಚರ್ಚೆಗೆ ನೇರವಾಗಿ ತಾಗುವ ಒಂದು ಸಂಗತಿಯಿದೆ. ಒಂದು ದಶಕಕ್ಕೂ ಹೆಚ್ಚು ಕಾಲ ಬಾಳಿದ ಅವರ ರಾಷ್ಟ್ರೀಯ ದಾಖಲೆ 66.28 ಮೀಟರ್ ಬಂದದ್ದು 2012ರ ಏಪ್ರಿಲ್‌ನಲ್ಲಿ, ನಾರ್ಮನ್ ಎಂಬ ಊರಿನಲ್ಲಿ. ನಾರ್ಮನ್ ಇರುವುದೂ ಒಕ್ಲಹೋಮದಲ್ಲೇ! ಆದರೆ ಅದೇ ಆಗಸ್ಟ್‌ನಲ್ಲಿ ಲಂಡನ್ ಒಲಿಂಪಿಕ್ಸ್‌ನ ಗ್ಯಾಲರಿ ಸುತ್ತುವರಿದ ಕ್ರೀಡಾಂಗಣದಲ್ಲಿ ಅವರು ಅರ್ಹತಾ ಸುತ್ತಿನಲ್ಲಿ 65.20, ಫೈನಲ್‌ನಲ್ಲಿ 64.79 ಎಸೆದು ಎಂಟನೆಯವರಾದರು. ಬಯಲಿಗೂ ಕ್ರೀಡಾಂಗಣಕ್ಕೂ ನಡುವೆ ಅವರು ಕಳೆದುಕೊಂಡದ್ದು ಒಂದೂವರೆ ಮೀಟರ್ ಮಾತ್ರ. ಒಕ್ಲಹೋಮದಲ್ಲಿ ಬಂದದ್ದೆಲ್ಲ ಗಾಳಿಯ ಕೊಡುಗೆ ಎಂದು ಸಾರಾಸಗಟಾಗಿ ಹೇಳುವವರು ಈ ಅಂಕಿಗಳನ್ನೂ ನೋಡಬೇಕು.

ನಿಜವಾದ ತಕರಾರು ದಾಖಲೆಯ ಪುಸ್ತಕದ್ದಲ್ಲ, ಪ್ರವೇಶದ್ದು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಪುರುಷರ ಡಿಸ್ಕಸ್‌ನಲ್ಲಿ ನೇರ ಅರ್ಹತೆಯ ಗುರುತು 67.20 ಮೀಟರ್ ಇತ್ತು, 2025ರ ವಿಶ್ವ ಚಾಂಪಿಯನ್‌ಷಿಪ್‌ಗೆ 67.50. ರೋಮ್‌ನಲ್ಲಿ ಕಂಚು ತಂದುಕೊಟ್ಟ ಎಸೆತಕ್ಕೂ ಈ ಎರಡನೆಯ ಗುರುತು ಎರಡು ಸೆಂಟಿಮೀಟರ್‌ನಿಂದ ತಪ್ಪುತ್ತಿತ್ತು ಎಂದರೆ ಅದು ಎಷ್ಟು ಕಠಿಣ ಎಂಬುದು ಅರ್ಥವಾಗುತ್ತದೆ. ಉಳಿದ ಸ್ಥಾನಗಳು ವಿಶ್ವ ಶ್ರೇಯಾಂಕದ ಅಂಕಗಳ ಮೇಲೆ ತುಂಬುತ್ತವೆ. ಆ ಅಂಕದಲ್ಲಿ ಎಸೆತದ ದೂರಕ್ಕೂ ಪಾಲಿದೆ, ಕೂಟದಲ್ಲಿ ಪಡೆದ ಸ್ಥಾನಕ್ಕೂ ಪಾಲಿದೆ. ಓಟಗಾರರಿಗೆ ಗಾಳಿಗೆ ತಕ್ಕಂತೆ ಅಂಕ ಕೂಡಿಸಿ ಕಳೆಯುವ ವ್ಯವಸ್ಥೆಯಿದ್ದರೆ, ಡಿಸ್ಕಸ್‌ನ ದೂರವನ್ನು ಗಾಳಿ ನೋಡದೆ ಹಾಗೆಯೇ ಒಪ್ಪಿಕೊಳ್ಳಲಾಗುತ್ತದೆ. ಆಗ ಬುದ್ಧಿವಂತ ಎಸೆತಗಾರ ಏನು ಮಾಡುತ್ತಾನೆ? ಏಪ್ರಿಲ್‌ನಲ್ಲಿ ಒಕ್ಲಹೋಮದ ವಿಮಾನ ಹತ್ತುತ್ತಾನೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಟಿಕೆಟ್, ವೀಸಾ, ಅಲ್ಲಿ ಕೆಲವು ವಾರ ಉಳಿಯುವ ಖರ್ಚು ಭರಿಸಲಾಗದವನು ತನ್ನೂರಿನ ಕ್ರೀಡಾಂಗಣದಲ್ಲಿ ಅಷ್ಟೇ ಒಳ್ಳೆಯ ಎಸೆತ ಎಸೆದರೂ ಪಟ್ಟಿಯಲ್ಲಿ ಕೆಳಗೆ ಉಳಿಯುತ್ತಾನೆ.

ಇಲ್ಲಿ ಖಂಡದ ಚಾಂಪಿಯನ್‌ಷಿಪ್‌ಗೆ ಬೇರೆಯದೇ ಬೆಲೆ ಬರುತ್ತದೆ. ಖಂಡದ ಚಾಂಪಿಯನ್ ಆದವರಿಗೆ, ಕೆಲವು ಷರತ್ತುಗಳೊಂದಿಗೆ, ವಿಶ್ವ ಚಾಂಪಿಯನ್‌ಷಿಪ್‌ಗೆ ಪ್ರತ್ಯೇಕ ಬಾಗಿಲು ತೆರೆದಿರುತ್ತದೆ. ಯುರೋಪಿನವರಿಗೆ ಆ ಬಾಗಿಲಿನ ಹಂಗಿಲ್ಲ, ಅಲ್ಲಿ ಗೆಲ್ಲುವವರು ಹೇಗೂ 67.50 ದಾಟಿರುತ್ತಾರೆ. 66.28ರ ರಾಷ್ಟ್ರೀಯ ದಾಖಲೆಯಿರುವ ದೇಶಕ್ಕೆ ಮಾತ್ರ ಅದು ಅಮೂಲ್ಯ. ಪುಣೆಯ ಚಿನ್ನದ 64.90 ಆಗಲಿ, ವುಹಾನ್‌ನ 62.03 ಆಗಲಿ ಇಂದಿನ ನೇರ ಅರ್ಹತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಒಂದೇ ವೃತ್ತ, ಒಂದೇ ಸಂಜೆ, ಎಲ್ಲರಿಗೂ ಅದೇ ಸುಳಿಗಾಳಿ ಇರುವಲ್ಲಿ ಮೊದಲಿಗರಾದವರನ್ನು ಆರಿಸುವುದು ಮೂರು ಬೇರೆ ಬೇರೆ ಊರುಗಳ ಅಂಕಿಗಳನ್ನು ಹೋಲಿಸುವುದಕ್ಕಿಂತ ನ್ಯಾಯವಾದ ಕ್ರಮ.

ರಮೋನಾದ ದಾಖಲೆಗಳನ್ನು ಅಮಾನ್ಯ ಮಾಡಬೇಕು ಎನ್ನುವ ವಾದಕ್ಕೆ ನನ್ನ ಒಪ್ಪಿಗೆಯಿಲ್ಲ. ಎಸೆತಗಾರ ಗಾಳಿಯನ್ನು ಓದುವುದು ಈ ಆಟದ ಹಳೆಯ ವಿದ್ಯೆ, ಅದನ್ನು ಅಪರಾಧವೆಂದು ಕರೆಯಲಾಗದು. ಆದರೆ ಪ್ರತಿ ಎಸೆತದ ಪಕ್ಕದಲ್ಲಿ ಗಾಳಿಯ ವೇಗ ಮತ್ತು ದಿಕ್ಕನ್ನು ಅಳೆದು ಪ್ರಕಟಿಸಲು ಏನು ಅಡ್ಡಿ? ಮಿತಿ ಹಾಕುವುದು ಬೇಡ, ದೂರವನ್ನು ಕಡಿತಗೊಳಿಸುವುದೂ ಬೇಡ, ಅಂಕಿ ಕಾಣುವಂತಿದ್ದರೆ ಸಾಕು. ನೆಲಮಟ್ಟದ ಮಾಪಕ ಮೇಲಿನ ಗಾಳಿಯನ್ನು ಪೂರ್ತಿ ಹಿಡಿಯದಿದ್ದರೂ ಎಂಟು ಮೀಟರ್ ಎದುರುಗಾಳಿಗೂ ನಿಂತ ಗಾಳಿಗೂ ವ್ಯತ್ಯಾಸ ತಿಳಿಸುತ್ತದೆ. ಹಾಗೆ ಕೆಲವು ವರ್ಷಗಳ ಅಂಕಿಗಳು ಕೈಗೆ ಬಂದ ಮೇಲೆ ಶ್ರೇಯಾಂಕದಲ್ಲಿ ಅದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನು ಊಹೆಯ ಮೇಲಲ್ಲ, ಆಧಾರದ ಮೇಲೆ ಚರ್ಚಿಸಬಹುದು. ಅಲ್ಲಿಯವರೆಗೆ ಅರ್ಹತೆಯ ಗುರುತನ್ನು ಮೇಲಕ್ಕೇರಿಸುತ್ತ ಬಂದ ಅಧಿಕಾರಿಗಳು ಆ ಏರಿಕೆಯಲ್ಲಿ ತೋಳಿನ ಪಾಲೆಷ್ಟು, ಏಪ್ರಿಲ್ ತಿಂಗಳ ಗಾಳಿಯ ಪಾಲೆಷ್ಟು ಎಂಬುದನ್ನು ಹೇಳುವ ಸ್ಥಿತಿಯಲ್ಲಿಲ್ಲ.